ಸಂಪರ್ಕಿತ ಸಾಧನಗಳ ಫಾಗ್ ಮತ್ತು ಎಡ್ಜ್ ಕಂಪ್ಯೂಟಿಂಗ್: ಜಾಲ ಕಡಿತಗೊಂಡಾಗಲೂ ಸೇವೆ ಸ್ಥಗಿತಗೊಳ್ಳದಂತೆ ಅನುಸರಿಸಬೇಕಾದ ಕ್ರಮಗಳು

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ವಿದ್ಯುತ್ ಸಂಪರ್ಕ, ಪಡಿತರ ವಿತರಣೆ, ಮಳೆ ಮಾಹಿತಿ ಮೊದಲಾದ ಹಲವು ಸಾರ್ವಜನಿಕ ಸೇವೆಗಳು ಈಗ ಜಾಲಕ್ಕೆ ಸಂಪರ್ಕ ಹೊಂದಿದ ಸಾಧನಗಳ ಮೂಲಕ ದೊರೆಯುತ್ತಿವೆ. ಮನೆಯ ಗೋಡೆಯ ಮೇಲಿನ ಸ್ಮಾರ್ಟ್ ಮೀಟರ್, ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಪಡೆಯುವ ಪಿಓಎಸ್ ಯಂತ್ರ ಮತ್ತು ಗ್ರಾಮ ಪಂಚಾಯಿತಿ ಮಟ್ಟದ ಟೆಲಿಮೆಟ್ರಿಕ್ ಮಳೆಮಾಪಕ ಇವು ಈ ವರ್ಗಕ್ಕೆ ಸೇರಿದ ಸಾಧನಗಳಾಗಿವೆ. ಕರ್ನಾಟಕದಲ್ಲಿ 2025ರಲ್ಲಿ ಹೊಸ ವಿದ್ಯುತ್ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಅಳವಡಿಸುವ ಕಾರ್ಯ ಆರಂಭವಾಗಿರುವುದರಿಂದ, ಹೊಸ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವ ಪ್ರತಿಯೊಬ್ಬರಿಗೂ ಈ ವಿಷಯ ಸಂಬಂಧಿಸಿದ್ದಾಗಿದೆ.

ಇಂತಹ ಸೇವೆಗಳ ಬಗ್ಗೆ ಸಾರ್ವಜನಿಕರಿಂದ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ಒಂದೇ: "ಸರ್ವರ್ ಸ್ಥಗಿತಗೊಂಡರೆ ಅಥವಾ ಜಾಲ ದೊರೆಯದಿದ್ದರೆ ಸೇವೆಯೂ ನಿಲ್ಲುತ್ತದೆಯೇ?" ವ್ಯವಸ್ಥೆಯನ್ನು ಸರಿಯಾಗಿ ರೂಪಿಸಿದಲ್ಲಿ ಸೇವೆಯ ಮುಖ್ಯ ಭಾಗ ನಿಲ್ಲಬೇಕಾಗಿಲ್ಲ. ಅದು ಹೇಗೆ ಸಾಧ್ಯ, ಯಾವ ಕ್ರಮಗಳು ಅಗತ್ಯ ಮತ್ತು ಅಡಚಣೆಯ ಸಂದರ್ಭದಲ್ಲಿ ನಾಗರಿಕರು ಏನು ಮಾಡಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಪದಗಳ ಅರ್ಥ

(ಅ) ಕ್ಲೌಡ್: ದೂರದ ದತ್ತಾಂಶ ಕೇಂದ್ರದಲ್ಲಿರುವ ಸರ್ವರ್‌ಗಳ ಸಮೂಹ. ಲಕ್ಷಾಂತರ ಸಾಧನಗಳ ಮಾಹಿತಿ ಇಲ್ಲಿ ಒಟ್ಟುಗೂಡುತ್ತದೆ.

(ಆ) ಎಡ್ಜ್: ಜಾಲದ ತುದಿ, ಅಂದರೆ ಮಾಹಿತಿ ಹುಟ್ಟುವ ಸ್ಥಳ. ಮೀಟರ್, ಸೆನ್ಸರ್ ಅಥವಾ ಯಂತ್ರದೊಳಗೇ ಇರುವ ಚಿಕ್ಕ ಸಂಸ್ಕಾರಕವು ಅಲ್ಲಿಯೇ ಲೆಕ್ಕ ಮಾಡಿ ನಿರ್ಣಯ ಕೈಗೊಳ್ಳುವುದನ್ನು ಎಡ್ಜ್ ಕಂಪ್ಯೂಟಿಂಗ್ ಎನ್ನಲಾಗುತ್ತದೆ.

(ಇ) ಫಾಗ್: ಮೇಲಿನ ಎರಡರ ನಡುವಿನ ಸ್ತರ. ಒಂದು ಬಡಾವಣೆಯ ಮೀಟರ್‌ಗಳ ಮಾಹಿತಿಯನ್ನು ಸಂಗ್ರಹಿಸುವ ಡೇಟಾ ಕಾನ್ಸಂಟ್ರೇಟರ್, ಗೇಟ್‌ವೇ ಅಥವಾ ಉಪಕೇಂದ್ರದಲ್ಲಿರುವ ಗಣಕಯಂತ್ರ ಈ ಸ್ತರದಲ್ಲಿ ಬರುತ್ತವೆ.

'ಫಾಗ್ ಕಂಪ್ಯೂಟಿಂಗ್' ಎಂಬ ಹೆಸರು 2012ರಲ್ಲಿ ಸಿಸ್ಕೋ ಸಂಸ್ಥೆಯ ಸಂಶೋಧಕರ ಲೇಖನದ ಮೂಲಕ ಪ್ರಚಾರಕ್ಕೆ ಬಂದಿತು. ಮೋಡ ಆಕಾಶದಲ್ಲಿರುತ್ತದೆ, ಮಂಜು ನೆಲಕ್ಕೆ ತಾಗಿಕೊಂಡಿರುತ್ತದೆ. ಹಾಗೆಯೇ ಸಂಸ್ಕರಣೆಯೂ ಬಳಕೆದಾರನ ಸಮೀಪಕ್ಕೆ ಇಳಿದು ಬರುತ್ತದೆ ಎಂಬುದು ಹೆಸರಿನ ತಾತ್ಪರ್ಯ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ 2018ರಲ್ಲಿ ಇದರ ಪರಿಕಲ್ಪನಾ ಮಾದರಿಯನ್ನು ಪ್ರಕಟಿಸಿದೆ. ಅದೇ ವರ್ಷ ಐಇಇಇ ಸಂಸ್ಥೆಯು 1934 ಸಂಖ್ಯೆಯ ಮಾನಕವನ್ನು ಅಂಗೀಕರಿಸಿದೆ.

(ಈ) ಸದೃಢತೆ: ಒಂದು ಭಾಗ ಕೆಟ್ಟಾಗ ಇಡೀ ವ್ಯವಸ್ಥೆ ಕುಸಿಯದೆ, ಮುಖ್ಯ ಕೆಲಸವನ್ನು ಮುಂದುವರಿಸಿ, ದೋಷ ನಿವಾರಣೆಯಾದ ಕೂಡಲೇ ಯಾವುದೇ ಮಾಹಿತಿ ನಷ್ಟವಾಗದಂತೆ ಮೊದಲಿನ ಸ್ಥಿತಿಗೆ ಮರಳುವ ಗುಣ.

3. ಸ್ಥಳೀಯ ಸಂಸ್ಕರಣೆ ಏಕೆ ಅಗತ್ಯ?

ಒಂದು ಸೇವೆ ಹಲವು ಕೊಂಡಿಗಳ ಸರಪಳಿಯನ್ನು ಅವಲಂಬಿಸಿದ್ದಾಗ, ಎಲ್ಲ ಕೊಂಡಿಗಳೂ ಏಕಕಾಲದಲ್ಲಿ ಸರಿಯಿದ್ದರೆ ಮಾತ್ರ ಸೇವೆ ದೊರೆಯುತ್ತದೆ. ಉದಾಹರಣೆಗೆ ಸಾಧನ, ಗೇಟ್‌ವೇ, ದೂರಸಂಪರ್ಕ ಜಾಲ ಮತ್ತು ಸರ್ವರ್ ಎಂಬ ನಾಲ್ಕೂ ಪ್ರತ್ಯೇಕವಾಗಿ ಶೇ. 99ರಷ್ಟು ಸಮಯ ಕಾರ್ಯನಿರ್ವಹಿಸುತ್ತವೆ ಎಂದಿಟ್ಟುಕೊಳ್ಳಬಹುದು. ಆಗ ನಾಲ್ಕೂ ಒಟ್ಟಿಗೆ ಲಭ್ಯವಿರುವ ಸಮಯ ಸುಮಾರು ಶೇ. 96 ಮಾತ್ರ. ಅಂದರೆ ವರ್ಷದಲ್ಲಿ ಒಟ್ಟು ಸುಮಾರು 14 ದಿನ ಸೇವೆ ಇಲ್ಲದಂತಾಗುತ್ತದೆ. ಪ್ರತಿಯೊಂದು ಕೊಂಡಿಯೂ ಉತ್ತಮವಾಗಿದ್ದರೂ ಸೇವೆ ಮಾತ್ರ ಉತ್ತಮವಾಗಿಲ್ಲದಿರುವುದಕ್ಕೆ ಇದೇ ಕಾರಣ.

ಆದ್ದರಿಂದ ತಕ್ಷಣ ಆಗಬೇಕಾದ ಕೆಲಸವನ್ನು ಸಾಧನದಲ್ಲಿಯೇ, ಪ್ರದೇಶ ಮಟ್ಟದ ಕೆಲಸವನ್ನು ಫಾಗ್ ಸ್ತರದಲ್ಲಿ ಮತ್ತು ಬಿಲ್ ತಯಾರಿಕೆ, ದೀರ್ಘಕಾಲೀನ ವಿಶ್ಲೇಷಣೆ ಮುಂತಾದ ಕಾಯಬಹುದಾದ ಕೆಲಸವನ್ನು ಕೇಂದ್ರ ಸರ್ವರ್‌ನಲ್ಲಿ ಮಾಡುವಂತೆ ವಿಂಗಡಿಸಲಾಗುತ್ತದೆ. ಸ್ಮಾರ್ಟ್ ಮೀಟರ್‌ನಲ್ಲಿ ಈ ವಿಂಗಡಣೆ ಸ್ಪಷ್ಟವಾಗಿ ಕಾಣುತ್ತದೆ. ವಿದ್ಯುತ್ ಬಳಕೆಯ ಅಳತೆ ಮೀಟರ್‌ನೊಳಗೇ ನಡೆಯುತ್ತದೆ. ಅದಕ್ಕೆ ಜಾಲದ ಅಗತ್ಯವಿಲ್ಲ. ಮಂಜೂರಾದ ಮಿತಿಗಿಂತ ಹೆಚ್ಚಿನ ಹೊರೆ ಬಿದ್ದಾಗ ಒಳಗಿನ ಸ್ವಿಚ್ ತಾನೇ ಕಡಿತಗೊಂಡು, ಪೂರ್ವನಿಗದಿತ ಅಂತರದ ನಂತರ ಮರುಸಂಪರ್ಕಕ್ಕೆ ತಾನೇ ಪ್ರಯತ್ನಿಸುತ್ತದೆ. ಇದಕ್ಕೂ ಕೇಂದ್ರದ ಅನುಮತಿಗಾಗಿ ಕಾಯುವುದಿಲ್ಲ. ಭಾರತದ ಸ್ಮಾರ್ಟ್ ಮೀಟರ್‌ಗಳಿಗೆ ಸಂಬಂಧಿಸಿದ ಮಾನಕವು ಐಎಸ್ 16444 ಆಗಿದ್ದು, ದತ್ತಾಂಶ ವಿನಿಮಯದ ವಿಧಾನವನ್ನು ಐಎಸ್ 15959 ನಿಗದಿಪಡಿಸುತ್ತದೆ.

4. ಸದೃಢಗೊಳಿಸಲು ಅನುಸರಿಸಬೇಕಾದ ಮುಖ್ಯ ಕ್ರಮಗಳು

4.1 ಸಂಗ್ರಹಿಸಿ ನಂತರ ರವಾನಿಸುವುದು

ಜಾಲ ಇಲ್ಲದಿದ್ದಾಗ ಸಾಧನವು ಮಾಹಿತಿಯನ್ನು ತನ್ನ ಸ್ಮೃತಿಯಲ್ಲಿಯೇ ದಾಖಲಿಸಿ, ಜಾಲ ಮರಳಿದ ನಂತರ ಕಳುಹಿಸಬೇಕು. ಪ್ರತಿ 15 ನಿಮಿಷಕ್ಕೆ ಒಂದು ದಾಖಲೆಯಂತೆ ದಿನಕ್ಕೆ 96 ದಾಖಲೆಗಳಾಗುತ್ತವೆ. ಪ್ರತಿ ದಾಖಲೆಗೆ 50 ಬೈಟ್ ಎಂದು ಲೆಕ್ಕ ಹಾಕಿದರೆ 30 ದಿನಗಳ ಮಾಹಿತಿಗೆ ಬೇಕಾಗುವುದು ಒಂದೂವರೆ ಲಕ್ಷ ಬೈಟ್‌ಗಿಂತಲೂ ಕಡಿಮೆ. ಇದು ಅತಿ ಅಲ್ಪ ಪ್ರಮಾಣ. ಆದ್ದರಿಂದ ಒಂದೆರಡು ದಿನ ಸಂಪರ್ಕ ಇಲ್ಲವೆಂಬ ಕಾರಣಕ್ಕೆ ಅಳತೆಯ ಮಾಹಿತಿ ನಷ್ಟವಾಗುವುದಕ್ಕೆ ತಾಂತ್ರಿಕವಾಗಿ ಸಮರ್ಥನೆ ಇಲ್ಲ.

4.2 ಒಂದೇ ವ್ಯವಹಾರ ಎರಡು ಬಾರಿ ದಾಖಲಾಗದಂತೆ ನೋಡಿಕೊಳ್ಳುವುದು

ಯಂತ್ರವು ಮಾಹಿತಿ ಕಳುಹಿಸಿದ ನಂತರ, ಸ್ವೀಕೃತಿ ಬರುವ ಮುನ್ನವೇ ಜಾಲ ಕಡಿತಗೊಳ್ಳಬಹುದು. ಮಾಹಿತಿ ತಲುಪಿತೇ ಇಲ್ಲವೇ ಎಂಬುದು ಯಂತ್ರಕ್ಕೆ ತಿಳಿಯದ ಕಾರಣ ಅದು ಮತ್ತೊಮ್ಮೆ ಕಳುಹಿಸುತ್ತದೆ. ಸೂಕ್ತ ಎಚ್ಚರಿಕೆ ವಹಿಸದಿದ್ದಲ್ಲಿ ಒಂದೇ ಕುಟುಂಬದ ಪಡಿತರ ಎರಡು ಬಾರಿ ಪಡೆದಂತೆ ದಾಖಲಾಗುವ ಅಥವಾ ಒಂದೇ ಪಾವತಿ ಎರಡು ಬಾರಿ ಕಡಿತವಾಗುವ ಸಂಭವವಿದೆ. ಇದನ್ನು ತಡೆಯಲು ಪ್ರತಿಯೊಂದು ವ್ಯವಹಾರಕ್ಕೂ ಯಂತ್ರದಲ್ಲಿಯೇ ಒಂದು ವಿಶಿಷ್ಟ ಸಂಖ್ಯೆ ನೀಡಬೇಕು. ಅದೇ ಸಂಖ್ಯೆ ಮತ್ತೆ ಬಂದಲ್ಲಿ ಸರ್ವರ್ ಅದನ್ನು ಹೊಸ ವ್ಯವಹಾರವೆಂದು ಪರಿಗಣಿಸಬಾರದು.

4.3 ಪರ್ಯಾಯ ಮಾರ್ಗ

ಶೇ. 99ರಷ್ಟು ಸಮಯ ಲಭ್ಯವಿರುವ ಒಂದು ಸಂಪರ್ಕ ವರ್ಷಕ್ಕೆ ಸುಮಾರು 88 ಗಂಟೆ ಲಭ್ಯವಿರುವುದಿಲ್ಲ. ಪರಸ್ಪರ ಸಂಬಂಧವಿಲ್ಲದ ಅಂತಹ ಎರಡು ಸಂಪರ್ಕಗಳಿದ್ದಲ್ಲಿ, ಎರಡೂ ಒಟ್ಟಿಗೆ ಕೆಡುವ ಸಮಯ ವರ್ಷಕ್ಕೆ ಒಂದು ಗಂಟೆಗಿಂತಲೂ ಕಡಿಮೆ. ಇಲ್ಲಿ 'ಪರಸ್ಪರ ಸಂಬಂಧವಿಲ್ಲದ' ಎಂಬ ಷರತ್ತು ಮುಖ್ಯ. ಎರಡು ಸಂಸ್ಥೆಗಳ ಸಿಮ್ ಕಾರ್ಡ್ ಅಳವಡಿಸಿದ್ದರೂ ಎರಡೂ ಒಂದೇ ಗೋಪುರವನ್ನೋ ಒಂದೇ ಭೂಗತ ಕೇಬಲನ್ನೋ ಅವಲಂಬಿಸಿದ್ದಲ್ಲಿ, ರಸ್ತೆ ಅಗೆಯುವಾಗ ಆ ಕೇಬಲ್ ತುಂಡಾದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಅಂತಹ ಜೋಡಿಯಿಂದ ಹೆಚ್ಚುವರಿ ವೆಚ್ಚವಲ್ಲದೆ ಬೇರೆ ಪ್ರಯೋಜನವಿಲ್ಲ.

ರೇಡಿಯೋ ಮೆಶ್ ವಿಧಾನದಲ್ಲಿ ಒಂದು ಮೀಟರ್‌ನ ಮಾಹಿತಿ ಪಕ್ಕದ ಮೀಟರ್‌ಗಳ ಮೂಲಕ ಹಾದು ಕಾನ್ಸಂಟ್ರೇಟರ್ ತಲುಪುತ್ತದೆ. ಒಂದು ಮಾರ್ಗ ಮುಚ್ಚಿದರೆ ಮತ್ತೊಂದು ನೆರೆಯ ಮೀಟರ್ ಮಾರ್ಗ ಒದಗಿಸುತ್ತದೆ.

4.4 ವಿದ್ಯುತ್ ಪೂರೈಕೆಯ ಬೆಂಬಲ

ಹಲವು ಸಂದರ್ಭಗಳಲ್ಲಿ ಜಾಲ ಕಡಿತಕ್ಕೆ ಮೂಲ ಕಾರಣ ವಿದ್ಯುತ್ ಕಡಿತವೇ ಆಗಿರುತ್ತದೆ. ಆದ್ದರಿಂದ ಗೇಟ್‌ವೇಗಳಿಗೆ ಬ್ಯಾಟರಿ ಅಥವಾ ಸೌರ ಫಲಕ ಅಗತ್ಯ. ಸ್ಮಾರ್ಟ್ ಮೀಟರ್‌ಗೆ ವಿದ್ಯುತ್ ನಿಂತ ಕ್ಷಣದಲ್ಲಿ, ಒಳಗೆ ಉಳಿದಿರುವ ಅಲ್ಪ ಶಕ್ತಿಯಿಂದ 'ವಿದ್ಯುತ್ ನಿಂತಿದೆ' ಎಂಬ ಒಂದು ಕಡೆಯ ಸಂದೇಶವನ್ನು ಕಳುಹಿಸುವ ಸೌಲಭ್ಯ ಕಲ್ಪಿಸಲಾಗುತ್ತದೆ. ಗ್ರಾಹಕರು ದೂರವಾಣಿ ಮಾಡುವ ಮೊದಲೇ ಯಾವ ಪ್ರದೇಶದಲ್ಲಿ ದೋಷ ಉಂಟಾಗಿದೆ ಎಂಬುದು ಇದರಿಂದ ತಿಳಿಯುತ್ತದೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳು ಸೌರಶಕ್ತಿಯಿಂದ ಕಾರ್ಯನಿರ್ವಹಿಸುವಂತೆ ರೂಪಿಸಲ್ಪಟ್ಟಿವೆ. ಇದರ ಮಹತ್ವ ಮಳೆಗಾಲದಲ್ಲಿ ಅರಿವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಭಾರಿ ಮಳೆ ಮತ್ತು ಭೂಕುಸಿತದಿಂದ ರಸ್ತೆ, ವಿದ್ಯುತ್ ಮತ್ತು ದೂರಸಂಪರ್ಕ ಒಟ್ಟಿಗೆ ಕಡಿತಗೊಂಡವು. ಮಾಹಿತಿ ಅತ್ಯಂತ ಅಗತ್ಯವಿರುವ ಗಳಿಗೆಯೇ ಮಾಹಿತಿಯ ಮಾರ್ಗ ಮುಚ್ಚಿಹೋಗುವ ಗಳಿಗೆಯೂ ಆಗಿರುತ್ತದೆ ಎಂಬುದನ್ನು ಇಂತಹ ವ್ಯವಸ್ಥೆಗಳನ್ನು ರೂಪಿಸುವವರು ಮರೆಯುವಂತಿಲ್ಲ.

4.5 ಏಕಕಾಲದ ನೂಕುನುಗ್ಗಲನ್ನು ತಪ್ಪಿಸುವುದು

ದೀರ್ಘಕಾಲದ ಕಡಿತದ ನಂತರ ವಿದ್ಯುತ್ ಮರಳಿದಾಗ ಸಾವಿರಾರು ಸಾಧನಗಳು ಒಂದೇ ಕ್ಷಣದಲ್ಲಿ ಸರ್ವರ್‌ ಅನ್ನು ಸಂಪರ್ಕಿಸಲು ಯತ್ನಿಸುತ್ತವೆ. ಬಾಗಿಲು ತೆರೆದೊಡನೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ಯಾರೂ ಒಳಹೋಗಲಾಗದಂತೆ, ಸರ್ವರ್ ಮತ್ತೆ ಕುಸಿಯುತ್ತದೆ. ಇದನ್ನು ತಡೆಯಲು ಪ್ರತಿ ಸಾಧನವೂ ಯಾದೃಚ್ಛಿಕವಾದ ಸ್ವಲ್ಪ ಸಮಯ ಕಾದು ಪ್ರಯತ್ನಿಸುವಂತೆ, ಪ್ರಯತ್ನ ವಿಫಲವಾದಲ್ಲಿ ಕಾಯುವ ಅವಧಿಯನ್ನು ಪ್ರತಿ ಬಾರಿಯೂ ದ್ವಿಗುಣಗೊಳಿಸುವಂತೆ ತಂತ್ರಾಂಶ ರಚಿಸಲಾಗುತ್ತದೆ.

4.6 ಗಡಿಯಾರದ ನಿಖರತೆ

ಜಾಲವಿಲ್ಲದಿದ್ದಾಗ ದಾಖಲಾದ ಮಾಹಿತಿಗೆ ಬೆಲೆ ಬರುವುದು ಅದರ ಸಮಯ ಸರಿಯಿದ್ದಾಗ ಮಾತ್ರ. ದಿನದ ಬೇರೆ ಬೇರೆ ಸಮಯಕ್ಕೆ ಬೇರೆ ಬೇರೆ ದರ ಅನ್ವಯಿಸುವ ಕಡೆ ಗಡಿಯಾರ ತಪ್ಪಿದರೆ ಬಿಲ್ ತಪ್ಪುತ್ತದೆ. ಆದ್ದರಿಂದ ಸಾಧನದ ಗಡಿಯಾರಕ್ಕೆ ಪ್ರತ್ಯೇಕ ಬ್ಯಾಟರಿ ಇರಬೇಕು ಮತ್ತು ಸಂಪರ್ಕ ದೊರೆತಾಗಲೆಲ್ಲ ಸಮಯವನ್ನು ಹೊಂದಿಸಿಕೊಳ್ಳಬೇಕು. ದೇಶದ ಗಣಕ ವ್ಯವಸ್ಥೆಗಳ ಗಡಿಯಾರಗಳನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ ಹೊಂದಿಸಬೇಕೆಂದು ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಸೂಚಿಸಿದೆ.

4.7 ತಾನೇ ಚೇತರಿಸಿಕೊಳ್ಳುವ ಸಾಧನ

ಕಂಬದ ಮೇಲೆ ಅಥವಾ ದೂರದ ಹಳ್ಳಿಯಲ್ಲಿರುವ ಸಾಧನ ಸ್ತಬ್ಧಗೊಂಡರೆ ಪ್ರತಿ ಬಾರಿಯೂ ಸಿಬ್ಬಂದಿಯನ್ನು ಕಳುಹಿಸಲು ಸಾಧ್ಯವಿಲ್ಲ. ಆದ್ದರಿಂದ ಸಾಧನದೊಳಗೆ ಕಾವಲು ಗಡಿಯಾರವೊಂದನ್ನು ಅಳವಡಿಸಲಾಗುತ್ತದೆ. ತಂತ್ರಾಂಶವು ನಿಗದಿತ ಅವಧಿಯೊಳಗೆ ಅದಕ್ಕೆ ಸಂಕೇತ ನೀಡದಿದ್ದಲ್ಲಿ ಅದು ಸಾಧನವನ್ನು ಮರುಚಾಲನೆ ಮಾಡುತ್ತದೆ. ಹೊಸ ತಂತ್ರಾಂಶ ಅಳವಡಿಸುವಾಗ ಹಳೆಯ ಪ್ರತಿಯನ್ನು ಅಳಿಸದೆ ಉಳಿಸಿಕೊಂಡು, ಹೊಸದು ಸರಿಯಾಗಿ ಆರಂಭವಾಗದಿದ್ದಲ್ಲಿ ಹಳೆಯದಕ್ಕೆ ತಾನೇ ಮರಳುವ ಏರ್ಪಾಡೂ ಅಗತ್ಯ.

4.8 ಅಡಚಣೆಯ ಕಾಲದ ನಿಯಮ

ಸಂಪರ್ಕ ಇಲ್ಲದಿದ್ದಾಗ ಸಾಧನ ಹೇಗೆ ವರ್ತಿಸಬೇಕು ಎಂಬುದು ತಾಂತ್ರಿಕ ಪ್ರಶ್ನೆಯಷ್ಟೇ ಅಲ್ಲ. ಅದು ನೀತಿಯ ಪ್ರಶ್ನೆ. ಬ್ಯಾಂಕಿನ ಖಜಾನೆಯ ಬೀಗ ಸಂಶಯ ಬಂದಾಗ ಮುಚ್ಚಿರಬೇಕು. ಆದರೆ ಮನೆಯ ವಿದ್ಯುತ್, ಕುಡಿಯುವ ನೀರು ಮತ್ತು ಪಡಿತರದ ವಿಷಯದಲ್ಲಿ ಸಂಶಯ ಬಂದಾಗ ಸೇವೆ ಮುಂದುವರಿಯುವುದು ಸರಿಯಾದ ಕ್ರಮ. ಲೆಕ್ಕವನ್ನು ನಂತರ ಹೊಂದಿಸಬಹುದು. ಈ ನಿಯಮವನ್ನು ಸಾಧನ ಅಳವಡಿಸುವ ಮುನ್ನವೇ ಲಿಖಿತವಾಗಿ ನಿರ್ಧರಿಸಿರಬೇಕು.

5. ಹಿಂದಿನ ಘಟನೆಗಳಿಂದ ಕಲಿತ ಪಾಠಗಳು

(ಅ) ಉತ್ತರ ಪ್ರದೇಶ, 2020: ಆಗಸ್ಟ್ 12ರಂದು, ಜನ್ಮಾಷ್ಟಮಿಯ ದಿನ, ಕೇಂದ್ರ ವ್ಯವಸ್ಥೆಯಿಂದ ಹೊರಟ ತಪ್ಪು ಆದೇಶದ ಪರಿಣಾಮವಾಗಿ ಸ್ಮಾರ್ಟ್ ಮೀಟರ್ ಹೊಂದಿದ್ದ ಒಂದು ಲಕ್ಷಕ್ಕೂ ಹೆಚ್ಚು ಗ್ರಾಹಕರ ವಿದ್ಯುತ್ ಸಂಪರ್ಕ ಕಡಿತಗೊಂಡಿತು. ಇಲ್ಲಿ ಜಾಲ ಕೆಟ್ಟಿರಲಿಲ್ಲ. ಜಾಲ ಸರಿಯಾಗಿಯೇ ಇದ್ದುದರಿಂದ ತಪ್ಪು ಆದೇಶ ಎಲ್ಲೆಡೆ ತಲುಪಿತು. ಅಲ್ಪಾವಧಿಯಲ್ಲಿ ಇಷ್ಟು ಸಂಖ್ಯೆಗಿಂತ ಹೆಚ್ಚು ಕಡಿತದ ಆದೇಶ ಬಂದಲ್ಲಿ ಫಾಗ್ ಸ್ತರದ ಗೇಟ್‌ವೇ ಅದನ್ನು ತಡೆಹಿಡಿದು ಅಧಿಕಾರಿಯ ದೃಢೀಕರಣ ಕೇಳುವಂತೆ ಮಾಡುವುದು ಇದಕ್ಕೆ ಪರಿಹಾರ.

(ಆ) ಅಮೆಜಾನ್ ಕ್ಲೌಡ್ ಸೇವೆ, 2017: ಫೆಬ್ರವರಿ 28ರಂದು ಸಿಬ್ಬಂದಿಯೊಬ್ಬರು ನೀಡಿದ ಆದೇಶದಲ್ಲಿದ್ದ ತಪ್ಪಿನಿಂದ ಉದ್ದೇಶಿಸಿದ್ದಕ್ಕಿಂತ ಹೆಚ್ಚು ಸರ್ವರ್‌ಗಳು ಸೇವೆಯಿಂದ ಹೊರಬಿದ್ದವು. ಹಲವು ಗಂಟೆಗಳ ಕಾಲ ಅನೇಕ ಜಾಲತಾಣಗಳು ಮತ್ತು ಮನೆಬಳಕೆಯ ಸಂಪರ್ಕಿತ ಸಾಧನಗಳು ಕೆಲಸ ಮಾಡಲಿಲ್ಲ. ಸೇವೆಯ ಸ್ಥಿತಿ ತಿಳಿಸಬೇಕಾಗಿದ್ದ ಪುಟವೂ ಅದೇ ಸೇವೆಯನ್ನು ಅವಲಂಬಿಸಿದ್ದುದರಿಂದ ಅದನ್ನು ಸಕಾಲದಲ್ಲಿ ನವೀಕರಿಸಲಾಗಲಿಲ್ಲ. ನಿಗಾ ವ್ಯವಸ್ಥೆಯು ತಾನು ನಿಗಾ ಇಡುವ ವ್ಯವಸ್ಥೆಯನ್ನೇ ಅವಲಂಬಿಸಿರಬಾರದು ಎಂಬುದು ಇಲ್ಲಿನ ಪಾಠ.

(ಇ) ಮಿರಾಯ್ ದಾಳಿ, 2016: ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದವನ್ನು ಬದಲಾಯಿಸದ ಕ್ಯಾಮೆರಾ ಮತ್ತು ವಿಡಿಯೋ ರೆಕಾರ್ಡರ್‌ಗಳನ್ನು ವಶಪಡಿಸಿಕೊಂಡ ದುಷ್ಕರ್ಮಿಗಳು, ಅಕ್ಟೋಬರ್ 21ರಂದು ಅವುಗಳ ಮೂಲಕ ಡಿನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ದಾಳಿ ನಡೆಸಿ ಪ್ರಮುಖ ಜಾಲತಾಣಗಳು ತೆರೆಯದಂತೆ ಮಾಡಿದರು.

(ಈ) ಕ್ರೌಡ್‌ಸ್ಟ್ರೈಕ್ ನವೀಕರಣ, 2024: ಜುಲೈ 19ರಂದು ಭದ್ರತಾ ತಂತ್ರಾಂಶದ ದೋಷಪೂರಿತ ನವೀಕರಣವೊಂದು ಸುಮಾರು 85 ಲಕ್ಷ ಗಣಕಯಂತ್ರಗಳನ್ನು ಸ್ಥಗಿತಗೊಳಿಸಿತು. ಹಲವು ದೇಶಗಳಲ್ಲಿ ವಿಮಾನ ಸಂಚಾರ ಅಸ್ತವ್ಯಸ್ತವಾಯಿತು. ಹೊಸ ತಂತ್ರಾಂಶವನ್ನು ಮೊದಲು ಕೆಲವೇ ಸಾಧನಗಳಿಗೆ ಅಳವಡಿಸಿ, ಪರಿಶೀಲಿಸಿ, ನಂತರ ಹಂತ ಹಂತವಾಗಿ ವಿಸ್ತರಿಸಬೇಕು ಎಂಬುದಕ್ಕೆ ಇದು ನಿದರ್ಶನ.

6. ಭದ್ರತೆ

ಸಂಸ್ಕರಣೆಯು ಸಾವಿರಾರು ಸ್ಥಳಗಳಿಗೆ ಹಂಚಿಹೋದಾಗ ಕಾಯಬೇಕಾದ ಬಾಗಿಲುಗಳೂ ಸಾವಿರಾರು ಆಗುತ್ತವೆ. ಯಾರಾದರೂ ಒಂದು ಸಾಧನವನ್ನು ತೆರೆದು ಅದರ ಗುಪ್ತಕೀಲಿಯನ್ನು ಪಡೆದರೂ ಅದರಿಂದ ಬೇರೆ ಸಾಧನಗಳಿಗೆ ಅಪಾಯವಾಗದಂತೆ ಪ್ರತಿ ಸಾಧನಕ್ಕೂ ಪ್ರತ್ಯೇಕ ಕೀಲಿ ಇರಬೇಕು. ನವೀಕರಣಗಳಿಗೆ ಡಿಜಿಟಲ್ ಸಹಿ ಇರಬೇಕು.

ಕೇಂದ್ರ ದೂರಸಂಪರ್ಕ ಇಲಾಖೆಯ ಅಧೀನದ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರವು 2021ರಲ್ಲಿ ಗ್ರಾಹಕ ಬಳಕೆಯ ಸಂಪರ್ಕಿತ ಸಾಧನಗಳ ಸುರಕ್ಷತೆಗಾಗಿ ಕಾರ್ಯಸಂಹಿತೆಯನ್ನು ಪ್ರಕಟಿಸಿದೆ. ಎಲ್ಲ ಸಾಧನಗಳಿಗೂ ಒಂದೇ ಗುಪ್ತಪದ ಇರಬಾರದು ಎಂಬುದು ಅದರ ಮಾರ್ಗಸೂಚಿಗಳಲ್ಲಿ ಒಂದು. ಜಾಲ ಅಥವಾ ವಿದ್ಯುತ್ ಕಡಿತವನ್ನು ತಾಳಿಕೊಳ್ಳುವಂತೆ ವ್ಯವಸ್ಥೆಯನ್ನು ರೂಪಿಸಬೇಕು ಎಂಬುದೂ ಅದರಲ್ಲಿ ಸೇರಿದೆ. ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಂಬಂಧಪಟ್ಟ ಸಂಸ್ಥೆಗಳು ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು ಮೇಲೆ ಉಲ್ಲೇಖಿಸಿದ 2022ರ ನಿರ್ದೇಶನ ತಿಳಿಸುತ್ತದೆ.

7. ನಾಗರಿಕರಿಗೆ ಲಭ್ಯವಿರುವ ರಕ್ಷಣೆ

7.1 ವಿದ್ಯುತ್ ಗ್ರಾಹಕರು: ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳಿಗೆ 2023ರಲ್ಲಿ ಮಾಡಲಾದ ತಿದ್ದುಪಡಿಯಂತೆ ಸ್ಮಾರ್ಟ್ ಮೀಟರನ್ನು ದಿನಕ್ಕೆ ಕನಿಷ್ಠ ಒಂದು ಬಾರಿ ದೂರದಿಂದ ಓದಬೇಕು. 2024ರ ತಿದ್ದುಪಡಿಯಂತೆ, ಮೀಟರ್ ಓದು ವಾಸ್ತವ ಬಳಕೆಗೆ ಹೊಂದುವುದಿಲ್ಲವೆಂದು ಗ್ರಾಹಕರು ದೂರು ನೀಡಿದಲ್ಲಿ, ದೂರು ಸ್ವೀಕರಿಸಿದ 5 ದಿನಗಳೊಳಗೆ ಹೆಚ್ಚುವರಿ ಮೀಟರ್ ಅಳವಡಿಸಿ ಕನಿಷ್ಠ 3 ತಿಂಗಳು ಬಳಕೆಯನ್ನು ಪರಿಶೀಲಿಸಬೇಕು.

7.2 ಪಡಿತರ ಚೀಟಿದಾರರು: ಜಾಲದ ದೋಷ ಅಥವಾ ಬೆರಳಚ್ಚು ಹೊಂದಾಣಿಕೆಯಾಗದ ಕಾರಣಕ್ಕೆ ಅರ್ಹ ಫಲಾನುಭವಿಗಳಿಗೆ ಆಹಾರಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಆಹಾರ ಮತ್ತು ಸಾರ್ವಜನಿಕ ವಿತರಣಾ ಇಲಾಖೆಯು 2017ರಲ್ಲಿ ರಾಜ್ಯಗಳಿಗೆ ಸೂಚನೆ ನೀಡಿದೆ. ಇಂತಹ ಸಂದರ್ಭದಲ್ಲಿ ದಾಖಲೆಗಳನ್ನು ಹಾಜರುಪಡಿಸಿ ಧಾನ್ಯ ಪಡೆಯಲು ಮತ್ತು ಅದನ್ನು ಪ್ರತ್ಯೇಕವಾಗಿ ದಾಖಲಿಸಲು ಅವಕಾಶವಿದೆ.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರ: ಮನೆಯ ಸ್ಥಳದಲ್ಲಿ ಮೊಬೈಲ್ ಸಂಕೇತ ದುರ್ಬಲವಾಗಿದೆ. ಸ್ಮಾರ್ಟ್ ಮೀಟರ್ ಅಳತೆಯಲ್ಲಿ ವ್ಯತ್ಯಾಸವಾಗುತ್ತದೆಯೇ?
ಉ: ಇಲ್ಲ. ಅಳತೆ ಮೀಟರ್‌ನೊಳಗೇ ನಡೆಯುತ್ತದೆ. ಸಂಕೇತ ದುರ್ಬಲವಾಗಿದ್ದಲ್ಲಿ ಮಾಹಿತಿ ರವಾನೆ ತಡವಾಗಬಹುದು.

ಪ್ರ: ಮುಂಗಡ ಹಣ ತುಂಬಿದ ನಂತರವೂ ಸಂಪರ್ಕ ಮರಳದಿದ್ದರೆ?
ಉ: ಪಾವತಿ ಕೇಂದ್ರದಲ್ಲಿ ದಾಖಲಾಗಿದ್ದರೂ ಮರುಸಂಪರ್ಕದ ಆದೇಶ ಮೀಟರ್ ತಲುಪದಿರಬಹುದು. ಪಾವತಿಯ ವ್ಯವಹಾರ ಸಂಖ್ಯೆಯೊಂದಿಗೆ ದೂರು ದಾಖಲಿಸತಕ್ಕದ್ದು. ಮತ್ತೊಮ್ಮೆ ಹಣ ಪಾವತಿಸುವ ಅಗತ್ಯವಿಲ್ಲ.

ಪ್ರ: ಸ್ಥಳೀಯವಾಗಿ ಸಂಸ್ಕರಿಸುವುದರಿಂದ ಖಾಸಗಿತನಕ್ಕೆ ಅನುಕೂಲವಿದೆಯೇ?
ಉ: ಇದೆ. ಕೇಂದ್ರಕ್ಕೆ ಅಗತ್ಯವಿರುವ ಸಾರಾಂಶವನ್ನು ಮಾತ್ರ ಕಳುಹಿಸಿ ವಿವರವನ್ನು ಸಾಧನದಲ್ಲಿಯೇ ಉಳಿಸಿಕೊಂಡಲ್ಲಿ, ಮನೆಯವರ ದಿನಚರಿ ಹೊರಗಿನವರಿಗೆ ತಿಳಿಯುವ ಸಂಭವ ಕಡಿಮೆಯಾಗುತ್ತದೆ.

9. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

• ಪ್ರತಿ ಅರ್ಜಿ, ಪಾವತಿ ಮತ್ತು ದೂರಿಗೆ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯುವುದು. ಸಕಾಲ ವ್ಯಾಪ್ತಿಗೆ ಒಳಪಡುವ ಸೇವೆಗಳಲ್ಲಿ ಸ್ವೀಕೃತಿಯ ಮೇಲಿನ ಸಂಖ್ಯೆಯನ್ನು ಜೋಪಾನವಾಗಿಡುವುದು.
• ಮೀಟರ್ ಅಳವಡಿಸಿದ ದಿನದ ಆರಂಭಿಕ ಓದನ್ನು ಬರೆದಿಟ್ಟುಕೊಳ್ಳುವುದು ಮತ್ತು ತಿಂಗಳಿಗೊಮ್ಮೆ ಪರದೆಯ ಮೇಲಿನ ಓದನ್ನು ಬಿಲ್‌ನೊಂದಿಗೆ ಹೋಲಿಸುವುದು.
• ಮೀಟರ್ ಅಥವಾ ಗೇಟ್‌ವೇ ಪೆಟ್ಟಿಗೆಯ ಮೊಹರನ್ನು ಒಡೆಯದಿರುವುದು. ಒಡೆದಿರುವುದು ಕಂಡುಬಂದಲ್ಲಿ ಕೂಡಲೇ ತಿಳಿಸುವುದು.
• ಮನೆಯಲ್ಲಿ ಅಳವಡಿಸಿದ ಕ್ಯಾಮೆರಾ, ರೂಟರ್ ಮುಂತಾದವುಗಳ ಕಾರ್ಖಾನೆ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸುವುದು.
• "ಸರ್ವರ್ ಇಲ್ಲ" ಎಂಬ ಕಾರಣಕ್ಕೆ ಸೇವೆ ನಿರಾಕರಿಸಲ್ಪಟ್ಟಲ್ಲಿ ದಿನಾಂಕ, ಸಮಯ ಮತ್ತು ಸ್ಥಳವನ್ನು ನಮೂದಿಸಿ ಲಿಖಿತ ದೂರು ನೀಡುವುದು. ಇಂತಹ ದೂರುಗಳಿಂದಲೇ ಯಾವ ಪ್ರದೇಶದಲ್ಲಿ ಪರ್ಯಾಯ ಸಂಪರ್ಕದ ಅಗತ್ಯವಿದೆ ಎಂಬುದು ತಿಳಿದುಬರುತ್ತದೆ.

ಯಂತ್ರ ಕೆಡುವುದು ಸಹಜ. ಜಾಲ ಕಡಿತಗೊಳ್ಳುವುದೂ ಸಹಜ. ಅದರ ಭಾರ ಸರದಿಯಲ್ಲಿ ನಿಂತ ನಾಗರಿಕರ ಮೇಲೆ ಬೀಳದಂತೆ ನೋಡಿಕೊಳ್ಳುವುದೇ ಮೇಲ್ಕಂಡ ಎಲ್ಲ ಕ್ರಮಗಳ ಉದ್ದೇಶವಾಗಿದೆ.

ಸೂಚನೆ: ಈ ಪುಟದಲ್ಲಿರುವ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನಿಯಮಗಳ ವಿಷಯದಲ್ಲಿ ಆಯಾ ಅಧಿಸೂಚನೆಯ ಮೂಲ ಪಠ್ಯವೇ ಅಂತಿಮ.